ಒಂಬತ್ತು-ಹದಿನಾರು-ನಾಲ್ಕು

"ಇದನ್ನ ತಗೊಳ್ಳಲ್ಲ."

ಗೌಹರ್ ಬಾಟಲಿಯನ್ನು ಬೆಳಕಿಗೆ ಹಿಡಿದು, ಹಾಗೇ ವಾಪಸ್ ಕೊಟ್ಟಳು. ಎದುರಿಗೆ ನಿಂತಿದ್ದವನ ಗಡ್ಡದಿಂದ ಕಡಲಿನ ನೀರು ತೊಟ್ಟಿಕ್ಕುತ್ತಿತ್ತು.

"ಯಾಕೆ ಮೇಡಂ? ಕೊಲ್ಲಿಯ ನೀರೇ ಅಲ್ವಾ ಇದು?"

"ಕತ್ತಿನ ಹತ್ರ ಗಾಳಿ ಇದೆ. ಬಾಟಲಿ ಬಾಯಿವರೆಗೂ ತುಂಬಿರಬೇಕು. ಗಾಳಿ ಉಳಿದ್ರೆ ಪರೀಕ್ಷೆ ಕೆಡುತ್ತೆ."

ಅವನು ಮತ್ತೆ ದೋಣಿ ಹತ್ತಿದ. ಮಾರ್ಚ್ ತಿಂಗಳ ಕ್ಯಾಸ್ಪಿಯನ್ ಗಾಳಿಯಲ್ಲಿ, ಶುದ್ಧ ಮಾಡಿದ ನೀರು ಕೊಲ್ಲಿಗೆ ಬೀಳುವ ಕೊಳವೆಯ ತನಕ ಹೋಗಿ ಬರಲು ಒಂದು ಗಂಟೆ ಬೇಕು. ಅಯ್ಯೋ, ನಾಳೆ ತರಲಿ ಅನ್ನಬಹುದಿತ್ತಲ್ಲ... ಗೌಹರ್‌ಗೆ ಹಾಗನ್ನಿಸುವ ಹೊತ್ತಿಗೆ ದೋಣಿ ದೂರ ಹೋಗಿತ್ತು.

ಅಕ್ತೌ ನಗರದ ಕೊಳಚೆ ನೀರೆಲ್ಲ ಶುದ್ಧವಾಗುವ ಘಟಕದಲ್ಲಿ ಅವಳು ಪ್ರಯೋಗಾಲಯದವಳು. ಅವನು ಕೊಲ್ಲಿ ಕಾಯುವ ಇಲಾಖೆಯವನು, ಹೆಸರು ಸಾಮತ್. ತುಂಬಿದ ಬಾಟಲಿಯೊಂದಿಗೆ ನಡುಗುತ್ತ ಬಂದವನಿಗೆ ಅವಳು ಹಾಲು ಹಾಕಿದ ಚಹಾ ಕೊಟ್ಟಳು, ಪಿಯಾಲೆ ಬಟ್ಟಲಲ್ಲಿ ಅರ್ಧದಷ್ಟು. ಆ ಊರಲ್ಲಿ ಪಿಯಾಲೆ ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದರ್ಥ.

"ಬಾಟಲಿ ಪೂರ್ತಿ, ಚಹಾ ಅರ್ಧ. ನಿಮ್ಮ ನಿಯಮ ಕಲಿಯೋಕೆ ಒಂದು ವರ್ಷ ಬೇಕು" ಎಂದ ಸಾಮತ್.

ಒಂದು ವರ್ಷವೇ ಹಿಡಿಯಿತು. ಪ್ರತಿ ಗುರುವಾರ ಬರುತ್ತಿದ್ದ. ಕಡಲಲ್ಲೇ ಅಳೆದ ಅಮೋನಿಯಾ, ಕೆಸರು, ಆಮ್ಲಜನಕದ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸುತ್ತಿದ್ದ. ಗುರುವಾರ ಮಾತ್ರ ಗೌಹರ್ ಮುತ್ತಿನ ಓಲೆ ಹಾಕುತ್ತಾಳೆ ಎಂಬುದು ಘಟಕದಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಮರುವರ್ಷ ಏಪ್ರಿಲ್‌ನ ಒಂದು ಗುರುವಾರ ಅವನು ಕೂರಲಿಲ್ಲ.

"ಇವತ್ತಿನ ಚೀಟಿ ಸ್ವಲ್ಪ ಬೇರೆ ಥರ ಇದೆ. ಯೋಚನೆ ಮಾಡಿ. ಭಾನುವಾರದವರೆಗೆ ಕಾಯ್ತೀನಿ" ಎಂದವನೇ ಹೊರಟುಹೋದ.

ಚೀಟಿಯಲ್ಲಿ 9-16-4 ಎಂದಿತ್ತು.

ಅಮೋನಿಯಾ ಒಂಬತ್ತು, ಕೆಸರು ಹದಿನಾರು, ಆಮ್ಲಜನಕ ನಾಲ್ಕು! ಗೌಹರ್ ಎರಡು ಸಲ ಪರೀಕ್ಷೆ ಮಾಡಿದಳು. ಅಮೋನಿಯಾ ಒಂದನ್ನೂ ದಾಟಲಿಲ್ಲ. ಹಾಗಾದರೆ ನಾನು ಇಷ್ಟು ದಿನ ನೀರು ಶುದ್ಧ ಅಂತ ಸುಳ್ಳು ಬರೆದೆ ಅಂತಲಾ? ಭಾನುವಾರದವರೆಗೆ ಗಡುವು ಬೇರೆ... ನನಗೇ ಬೆದರಿಕೆಯಾ?

ಅವಳಿಗೆ ಅಳು ಬಂತು. ಅಳುತ್ತಲೇ, ಸುಳ್ಳು ಅಂಕಿ ಕೊಟ್ಟು ಬೆದರಿಸುತ್ತಾನೆ ಎಂದು ಅವನ ಇಲಾಖೆಗೆ ದೂರು ಬರೆದಳು.

ಮುಂದಿನ ಗುರುವಾರ ಬಾಟಲಿ ತಂದವನು ಬೇರೆ ಯಾರೋ.

"ಸಾಮತ್‌ನನ್ನ ಉತ್ತರದ ಠಾಣೆಗೆ ಹಾಕಿದ್ರು. ಇವತ್ತು ಸಂಜೆ ರೈಲು. ಸಾಹೇಬ್ರು ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ" ಎಂದ ಅವನು.

ಮೇಜಿನ ಮೇಲೆ ದೂರಿನ ಪ್ರತಿಗೆ ಆ ಚೀಟಿಯನ್ನು ಪಿನ್ ಮಾಡಿತ್ತು. ಪ್ರಯೋಗಾಲಯದ ಹಿರಿಯಳು ರೌಶನ್ ಅಕ್ಕ ಅದನ್ನು ನೋಡಿ ಕನ್ನಡಕ ತೆಗೆದಳು.

"ಲೇ ಹುಡುಗಿ, ನಿಮ್ಮನೆ ಎಲ್ಲಿ?"

"ಹನ್ನೆರಡು-ಐದು-ಮೂವತ್ತು. ಯಾಕಕ್ಕ?"

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ಚೀಟಿಯ ಮೇಲೆ ಬಿತ್ತು.

"ಬೀದಿಗೆ ಹೆಸರೇ ಇಲ್ಲದ ಊರಲ್ಲಿ ಹುಟ್ಟಿ ಬೆಳೆದೋಳು ನೀನು! ಒಂಬತ್ತನೇ ಬಡಾವಣೆ, ಹದಿನಾರನೇ ಕಟ್ಟಡ, ನಾಲ್ಕನೇ ಮನೆ. ಆ ಪಾಪದವನು ಮನೆಗೆ ಕರೆದಿದ್ದಾನೆ ಕಣೇ."

ಅಂದರೆ ಭಾನುವಾರ ಅವನು ಕಾದಿದ್ದ...

ಗೌಹರ್ ಕುಳಿತು ಇನ್ನೊಂದು ಪತ್ರ ಬರೆದಳು. ತಪ್ಪು ನನ್ನದು, ಅದು ನೀರಿನ ಅಂಕಿಯಲ್ಲ, ನನಗೆ ಕೊಟ್ಟ ಮನೆಯ ವಿಳಾಸ ಎಂದು ಬರೆದು ಸಹಿ ಹಾಕಿದಳು. ಊರೆಲ್ಲ ನಗಲಿ. ಅವನ ಇಲಾಖೆಗೆ ಹೋಗಿ ಅದನ್ನು ಕೈಯಾರೆ ಕೊಟ್ಟು, ಅಲ್ಲಿಂದ ನೇರ ಒಂಬತ್ತನೇ ಬಡಾವಣೆಗೆ ನಡೆದಳು.

ಬಾಗಿಲು ತೆರೆದವಳು ಸಾಮತ್‌ನ ತಾಯಿ. ಒಳಗೆ ಕಟ್ಟಿಟ್ಟ ಪೆಟ್ಟಿಗೆ, ಪಕ್ಕದಲ್ಲಿ ಅವನು.

"ಹೋದ ಭಾನುವಾರ ಕುರಿ ಮಾಂಸ ಬೇಯಿಸಿಟ್ಟು ಕಾದ್ವಿ. ನೀನು ಇವತ್ತು ಬಂದೆ" ಎಂದಳು ತಾಯಿ.

"ತಪ್ಪಾಯ್ತಮ್ಮ. ವಿಳಾಸ ಅಂತ ಗೊತ್ತಾಗ್ಲಿಲ್ಲ. ದೂರು ವಾಪಸ್ ತಗೊಂಡೆ. ನಿಜ ಬರೆದುಕೊಟ್ಟು ಬಂದೆ." ನಂತರ ಅವನ ಕಡೆ ತಿರುಗಿದಳು. "ನೀವ್ಯಾಕೆ ಅವರಿಗೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಹೆಸರು ಎಲ್ಲರ ಬಾಯಿಗೆ ಬೀಳ್ತಿತ್ತು."

"ಈಗ ನಾನೇ ಬೀಳಿಸಿ ಬಂದಿದ್ದೀನಿ."

ತಾಯಿ ಗೌಹರ್‌ಗೆ ಚಹಾ ಸುರಿದಳು, ಪಿಯಾಲೆಯ ಅಂಚಿನವರೆಗೂ. ಕುಡಿದು ಹೊರಡು ಎಂದು ಹೇಳಿದ ಹಾಗಾಯಿತು. ಗೌಹರ್‌ಗೆ ಕಣ್ಣು ಎತ್ತಲಾಗಲಿಲ್ಲ.

ಸಾಮತ್ ಕೈ ಚಾಚಿ ಆ ಪಿಯಾಲೆ ತೆಗೆದುಕೊಂಡ. ನಿಧಾನವಾಗಿ ಅರ್ಧ ಕುಡಿದ. ಉಳಿದರ್ಧವನ್ನು ಅವಳ ಮುಂದಿಟ್ಟ.

"ಅಮ್ಮ, ಇವಳು ಕೂರ್ತಾಳೆ."

ತಾಯಿ ಮಗನನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಕೊನೆಗೆ ಕರಿದ ರೊಟ್ಟಿಯ ತಟ್ಟೆಯನ್ನು ಅವಳ ಕಡೆ ಸರಿಸಿದಳು.

"ಮೇಲೆ ಗಾಳಿ ಉಳಿದಿದೆ" ಎಂದ ಸಾಮತ್ ಮೆಲ್ಲಗೆ. "ವಾಪಸ್ ಕೊಡ್ತೀಯಾ?"

ಗೌಹರ್ ಎರಡೂ ಕೈಯಲ್ಲಿ ಪಿಯಾಲೆ ಹಿಡಿದಳು.

"ಇಲ್ಲ. ಇದನ್ನ ತಗೊಳ್ತೀನಿ."