ಚುಕ್ಕಿಯ ಏಳು ಗಂಟೆಯ ಮಾತ್ರೆ

ನವೆಂಬರ್ 18, ಮಂಗಳವಾರ. ಬೆಳಿಗ್ಗೆ 7.50ಕ್ಕೆ ಪುಲಿಕೇಶಿನಗರದ ಠಾಣೆಗೆ ಬಂದ ದೂರು ನಾಯಿಯದು ಎಂದು ಗೊತ್ತಾದಾಗ ಇನ್‌ಸ್ಪೆಕ್ಟರ್ ಪಂಚಾಕ್ಷರಿ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟುಬಿಟ್ಟರು. ಹದಿನೆಂಟು ವರ್ಷದ ನೌಕರಿಯಲ್ಲಿ ಮಚ್ಚು ಹಿಡಿದವರ ಎದುರು ನಿಂತದ್ದುಂಟು. ನಾಯಿಯ ಎದುರು ಮಾತ್ರ ಇಂದಿಗೂ ಅವರ ಕಾಲು ಮುಂದೆ ಹೋಗುತ್ತಿರಲಿಲ್ಲ. ಇಡೀ ಠಾಣೆಗೆ ಅದು ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ ಅಷ್ಟೆ.

ದೂರುದಾರ ಪ್ರಭುಲಿಂಗ, ನಲವತ್ತೆರಡು ವರ್ಷ, ಕಂಪನಿಯೊಂದರಲ್ಲಿ ಮ್ಯಾನೇಜರ್, ಮೂಲ ದಾವಣಗೆರೆ. ಮುಂಜಾನೆಯ ವಾಕಿಂಗ್ ಮುಗಿಸಿ ಹಾಗೇ ಬಂದಿದ್ದರು.

"ಯಾವ ಜಾತಿ?" ಪಂಚಾಕ್ಷರಿ ಕೇಳಿದರು.

"ಗ್ರೇಟ್ ಡೇನ್ ಸರ್, ಹೆಣ್ಣು. ಹೆಸರು ಚುಕ್ಕಿ, ನಾಲ್ಕೂವರೆ ವರ್ಷ, ಐವತ್ನಾಲ್ಕು ಕೆಜಿ. ಅದ್ರಲ್ಲೂ ಹಾರ್ಲೆಕ್ವಿನ್. ಬಿಳೀ ಮೈ ಮೇಲೆ ಹರಿದು ಅಂಟಿಸಿದ ಹಾಗೆ ಕಪ್ಪು ಮಚ್ಚೆ. ತುಂಬಾ ಅಪರೂಪ."

"ಎಷ್ಟೊತ್ತಿಗೆ ಹೋಗಿದ್ದು?"

"ಆರಕ್ಕೆ ನಾನು ಮನೆ ಬಿಟ್ಟೆ, ಏಳಕ್ಕೆ ಬಂದೆ. ಅಷ್ಟರಲ್ಲಿ. ಮನೇಲಿ ಬೇರೆ ಯಾರೂ ಇರ್ಲಿಲ್ಲ." ಅವರ ದನಿ ತಗ್ಗಿತು. "ಸ್ವಲ್ಪ ಹಾರ್ಟ್ ಪ್ರಾಬ್ಲಂ ಇದೆ ಸರ್. ದಿನಾ ಏಳಕ್ಕೆ ಮಾತ್ರೆ. ಇವತ್ತಿಂದು ಕೊಟ್ಟಿಲ್ಲ."

ಪಂಚಾಕ್ಷರಿ ಗೋಡೆಯ ಗಡಿಯಾರ ನೋಡಿದರು. 8.15ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರಡಿ ಎಫ್ಐಆರ್ ದಾಖಲಾಯಿತು.

8.40ಕ್ಕೆ ಮನೆಯಲ್ಲಿ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೆಬಲ್ ಪರ್ವೀನ್ ಬರೆದುಕೊಳ್ಳುತ್ತಾ ಹೋದರು. ಗೇಟಿನ ಬೀಗ ಒಡೆದಿಲ್ಲ, ಕೀಲಿಯಿಂದ ತೆರೆದಿದ್ದಾರೆ. ನಾಯಿ ಬೊಗಳಿದ್ದನ್ನು ನೆರೆಯವರು ಯಾರೂ ಕೇಳಿಲ್ಲ. ವರಾಂಡದ ಮೂಲೆಯ ಧೂಳಿನಲ್ಲಿ ನಾಲ್ಕು ದುಂಡು ಗುರುತು.

"ಇಲ್ಲೇನಿತ್ತು?"

"ಮರದ ಸ್ಟೂಲು. ಚುಕ್ಕಿ ತಟ್ಟೆ ಅದರ ಮೇಲೇ ಇಡ್ತಿದ್ವಿ. ಅರೆ, ತಟ್ಟೆನೂ ಇಲ್ಲ!" ಪ್ರಭುಲಿಂಗ ಈಗಷ್ಟೇ ಗಮನಿಸಿದ್ದರು.

ಎದುರು ಮನೆಯ ಸಿಸಿಟಿವಿಯಲ್ಲಿ 6.22ಕ್ಕೆ ಗೂಡ್ಸ್ ಆಟೊ ಒಂದು ಬಂದು ನಿಂತಿತ್ತು. ನಂಬರ್ ಪ್ಲೇಟಿನ ಮೇಲೆ ಟಾರ್ಪಾಲು ಇಳಿಬಿದ್ದಿತ್ತು. ರೇನ್‌ಕೋಟ್ ತೊಟ್ಟ ವ್ಯಕ್ತಿಯೊಬ್ಬರು ಸ್ಟೂಲನ್ನು ಗಾಡಿಯ ಹಿಂದಿಟ್ಟರು. ಕರುವಿನಷ್ಟು ಎತ್ತರದ ಆ ನಾಯಿ ಅದರ ಮೇಲೆ ಮುಂಗಾಲಿಟ್ಟು, ಒಂದು ಕ್ಷಣ ಸುಧಾರಿಸಿಕೊಂಡು ಗಾಡಿ ಹತ್ತಿತು. ಹಗ್ಗವಿಲ್ಲ, ಎಳೆದಾಟವಿಲ್ಲ. ಆಮೇಲೆ ಸ್ಟೂಲೂ ಗಾಡಿಗೇರಿತು.

"ಹತ್ಸೋಕೆ, ಇಳ್ಸೋಕೆ ಬೇಕಂತ ತಗೊಂಡಿದಾನೆ," ಎಂದರು ಪಂಚಾಕ್ಷರಿ. ಅದು ಆ ದಿನ ಅವರು ಮಾಡಿದ ತಪ್ಪು ಲೆಕ್ಕ.

"ನಾಯಿಗೆ ಪರಿಚಯ ಇರೋರು ಯಾರಿದಾರ್ರೀ?"

"ಯಾರೂ ಇಲ್ಲ ಸರ್. ನಾನೇ ನೋಡ್ಕೋತೀನಿ. ಶಿವಾಜಿನಗರದ ಶಾಹಬಾಜ್ ಅಂತ, ಎರಡು ಸಲ ನಾಯಿ ಕೊಡ್ತೀರಾ ಅಂತ ಕೇಳಿದ್ದ." ಉತ್ತರ ಕೊಡುವ ಮುನ್ನ ಪ್ರಭುಲಿಂಗ ತುಸು ತಡವರಿಸಿದ್ದು ಪಂಚಾಕ್ಷರಿಯ ಮನಸ್ಸಿನಲ್ಲಿ ಉಳಿಯಿತು.

10.05. ಶಿವಾಜಿನಗರ. ನಾಯಿ ಸಾಕಿ ಮಾರುವ ಶಾಹಬಾಜ್ ತನ್ನ ಮನೆಯ ಬಾಗಿಲಲ್ಲೇ ಸಿಕ್ಕ. ಒಳಗಿನಿಂದ ಬಂದ ದಪ್ಪ ದನಿಯ ಬೊಗಳಿಕೆಗೆ ಪಂಚಾಕ್ಷರಿ ಎರಡು ಮೆಟ್ಟಿಲು ಕೆಳಗಿಳಿದರು.

"ಚುಕ್ಕಿ ಎಲ್ಲಿ?"

"ನಂಗೇನ್ ಗೊತ್ತು ಸಾಬ್? ಕದ್ದು ಎಲ್ಲಿ ಮಾರ್ಲಿ? ಈ ಬಣ್ಣದ್ದು ಬೆಂಗಳೂರಲ್ಲಿ ಹತ್ತೋ ಹನ್ನೆರಡೋ ಇರ್ಬೇಕು. ಯಾವ್ದಕ್ಕೆ ಎಲ್ಲಿ ಮಚ್ಚೆ ಅಂತ ನಮ್ ಲೈನಲ್ಲಿ ಎಲ್ರಿಗೂ ಗೊತ್ತು. ಇವತ್ತು ಹತ್ತಕ್ಕೆ ನಾನೇ ಅವ್ರ ಮನೆಗೆ ಹೋಗ್ಬೇಕಿತ್ತು. ಹೊರಡೋವಾಗ ಬರ್ಬೇಡ ಅಂತ ಫೋನ್ ಬಂತು."

"ಯಾಕೆ ಹೋಗ್ಬೇಕಿತ್ತು?"

"ಕ್ರಾಸಿಂಗ್ ಸಾಬ್. ಚುಕ್ಕಿ ಬೆದೆಗೆ ಬಂದೈತೆ. ನಂದು ಬೂದು ಮಚ್ಚೆ ಗಂಡು."

"ಅದಕ್ಕೆ ಹಾರ್ಟ್ ಕಾಯಿಲೆ ಇದೆ ಅಂತ ಗೊತ್ತಾ?"

ಶಾಹಬಾಜನ ಮುಖ ಕಪ್ಪಿಟ್ಟಿತು. "ಕಸಮ್ ಸಾಬ್, ಅವ್ರು ಹೇಳ್ಲೇ ಇಲ್ಲ."

ಈ ಕ್ರಾಸಿಂಗ್ ವಿಷಯವನ್ನು ಪ್ರಭುಲಿಂಗ ಪೊಲೀಸರಿಗೂ ಹೇಳಿರಲಿಲ್ಲ. ಜೀಪು ಹತ್ತುತ್ತಾ ಪಂಚಾಕ್ಷರಿ ಹಲ್ಲು ಕಚ್ಚಿದರು. ದೂರು ಕೊಟ್ಟವರೇ ಅರ್ಧ ನುಂಗಿಕೊಂಡರೆ ಅವರಿಗೆ ಕಳ್ಳನಿಗಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

11.00. ಚುಕ್ಕಿಯನ್ನು ನೋಡುತ್ತಿದ್ದ ಪಶುವೈದ್ಯೆ ಡಾ. ರಮ್ಯ ಇಂದಿರಾನಗರದ ತಮ್ಮ ಕ್ಲಿನಿಕ್ಕಿನಲ್ಲಿ ಕಡತ ತೆಗೆದು ಮುಂದಿಟ್ಟರು.

"ಹೃದಯ ದೊಡ್ಡದಾಗಿ ಸೋತಿದೆ. ಈ ಗಾತ್ರದ ನಾಯಿಗಳಲ್ಲಿ ಇದು ಜಾಸ್ತಿ. ಮಾತ್ರೆ ತಪ್ಪಿ, ಜೊತೆಗೆ ಗಾಬರಿ, ಓಡಾಟ ಆದ್ರೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಸಂಜೆ ಆಗೋಷ್ಟರಲ್ಲಿ ಹುಡುಕಿ. ನಾಳೆ ಅಂದ್ರೆ ನಾನು ಭರವಸೆ ಕೊಡಲ್ಲ."

"ಮರಿ ಹಾಕ್ಸಬಹುದಾ?"

"ಬೇಡ ಅಂತ ಬರೆದೇ ಕೊಟ್ಟಿದೀನಿ. ಬಸಿರು ಅದರ ಹೃದಯ ತಡ್ಕೊಳ್ಳಲ್ಲ. ಅದರ ಮೇಲೆ ಗಂಡು ಹೆಣ್ಣು ಎರಡರಲ್ಲೂ ಇದೇ ಮಚ್ಚೆ ಗುಣ ಇದ್ರೆ ಕೆಲವು ಮರಿ ಪೂರ್ತಿ ಬಿಳಿ ಹುಟ್ತಾವೆ. ಅಂಥವಕ್ಕೆ ಸಾಮಾನ್ಯವಾಗಿ ಕಿವಿ ಕೇಳ್ಸಲ್ಲ, ಕಣ್ಣೂ ಕಷ್ಟ. ಹೋದ ಸಲ ಮೂರು ಹಾಗೇ ಆಗಿದ್ವು."

ಪಂಚಾಕ್ಷರಿ ಏಳಲಿದ್ದವರು ಮತ್ತೆ ಕುಳಿತರು. "ಡಾಕ್ಟ್ರೇ, ಕಳ್ಳ ಊಟದ ಸ್ಟೂಲನ್ನೂ ಒಯ್ದಿದಾನೆ. ಯಾಕೆ?"

"ಚುಕ್ಕಿಗೆ ಕತ್ತಿನ ಮೂಳೆ ನೋವಿದೆ. ಬಗ್ಗಿ ತಿನ್ನಕ್ಕಾಗಲ್ಲ." ರಮ್ಯ ಇದ್ದಕ್ಕಿದ್ದಂತೆ ಮಾತು ತಡೆದರು. "ಸ್ಟೂಲ್ ಮಾಡ್ಸಿದ್ದು ಸುಕನ್ಯ."

ರಮ್ಯ ಹೇಳಿದಂತೆ, ಕಗ್ಗದಾಸಪುರದ ಸುಕನ್ಯ ಪ್ರಭುಲಿಂಗರ ಮನೆಯಲ್ಲಿ ಕೆಲಸಕ್ಕಿದ್ದು ಮೂರು ವರ್ಷ ಚುಕ್ಕಿಯ ಊಟ, ಔಷಧಿ, ಅಡ್ಡಾಟ ನೋಡಿಕೊಂಡವಳು. ದಿನಕ್ಕೆ ಮೂರು ಬಾರಿ ಸ್ವಲ್ಪ ಸ್ವಲ್ಪವೇ ಊಟ, ಉಂಡ ಮೇಲೆ ಒಂದು ಗಂಟೆ ಓಡಾಟವಿಲ್ಲ. ಇಲ್ಲದಿದ್ದರೆ ಇಂಥ ನಾಯಿಗಳ ಹೊಟ್ಟೆ ತಿರುಚಿಕೊಂಡು ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ವೈದ್ಯರು ಹೇಳಿದ್ದನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಮರಿ ಹಾಕಿಸಬೇಡಿ ಎಂದು ಯಜಮಾನರ ಎದುರು ನಿಂತದ್ದಕ್ಕೆ ಆರು ವಾರದ ಹಿಂದೆ ಕೆಲಸ ಹೋಯಿತು. ಪ್ರಭುಲಿಂಗ ನುಂಗಿಕೊಂಡ ಇನ್ನರ್ಧ ಇದು.

12.10ಕ್ಕೆ ಕಗ್ಗದಾಸಪುರದ ಅವಳ ಮನೆಗೆ ಬೀಗ. ನಿನ್ನೆ ಸಂಜೆಯೇ ಹೋದಳೆಂದರು ಪಕ್ಕದವರು. ಫೋನ್ ಸ್ವಿಚ್ ಆಫ್. ಮಾತ್ರೆ ತಪ್ಪಿ ಐದು ಗಂಟೆ ಕಳೆದಿತ್ತು.

"ಪರ್ವೀನ್, ಮಾತ್ರೆ ಪ್ರಭುಲಿಂಗರ ಮನೆ ಒಳಗೇ ಇದೆ. ಸ್ಟೂಲನ್ನೇ ಬಿಡದವಳು ಮಾತ್ರೆ ಬಿಡ್ತಾಳಾ? ಕೊಳ್ಳೋಕೆ ಬಂದೇ ಬರ್ತಾಳೆ."

ಆ ಮಾತ್ರೆ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಬೆಂಗಳೂರಿನ ಪೂರ್ವ ಭಾಗದಲ್ಲಿ ಎರಡೇ ಅಂಗಡಿಯಲ್ಲಿ ಇರುತ್ತದೆ ಎಂದಿದ್ದರು ರಮ್ಯ: ಕಲ್ಯಾಣ ನಗರದಲ್ಲೊಂದು, ಹಲಸೂರಿನಲ್ಲೊಂದು. ಕಲ್ಯಾಣ ನಗರಕ್ಕೆ ಇಬ್ಬರು ಕಾನ್‌ಸ್ಟೆಬಲ್‌ಗಳು ಹೋದರು. ಹಲಸೂರಿನ ಅಂಗಡಿಯಲ್ಲಿ ಪರ್ವೀನ್ ಸಲ್ವಾರ್ ತೊಟ್ಟು ಮಾಲೀಕ ಪ್ರೇಮ್‌ಕುಮಾರ್ ಪಕ್ಕ ನಿಂತರು. ಎದುರು ಬದಿಯ ಖಾಸಗಿ ಕಾರಿನಲ್ಲಿ ಪಂಚಾಕ್ಷರಿ ಮೈಯೆಲ್ಲ ಕಣ್ಣಾಗಿ ಕುಳಿತರು.

ಒಂದು ಗಂಟೆ. ಒಂದೂವರೆ. ಎರಡು. ಕಾರೊಳಗೆ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತು. ಅವಳು ಬರದಿದ್ದರೆ? ಪೊಲೀಸರಿರುತ್ತಾರೆಂದು ಹೆದರಿ ಎಲ್ಲೋ ನಾಯಿಯ ತಲೆ ಸವರುತ್ತಾ ಕುಳಿತಿದ್ದರೆ? ಕಂಡರೆ ಕಾಲು ನಡುಗುವ ಪ್ರಾಣಿಗಾಗಿ ತಮಗೇಕಿಷ್ಟು ಸಂಕಟ ಎಂದು ಪಂಚಾಕ್ಷರಿಗೆ ತಿಳಿಯಲಿಲ್ಲ. ಸಂಕಟವಂತೂ ಆಗುತ್ತಿತ್ತು.

2.25ಕ್ಕೆ ತಲೆಗೆ ಸೆರಗು ಹೊದ್ದ ಹೆಂಗಸೊಬ್ಬಳು ಬಸ್ಸಿಳಿದು ಅಂಗಡಿಗೆ ಬಂದಳು. ಹಳೆಯ ಚೀಟಿ ತೋರಿಸಿದಳು. ಪ್ರೇಮ್‌ಕುಮಾರ್ ಮಾತ್ರೆ ತೆಗೆಯಲು ಒಳಗೆ ಹೋದಾಗ ಅವಳ ಕಣ್ಣು ಪರ್ವೀನರ ಕಾಲಿನ ಮೇಲೆ ಬಿತ್ತು. ಪರ್ವೀನ್ ಬಟ್ಟೆ ಬದಲಿಸಿದ್ದರು, ಕಂದು ಬಣ್ಣದ ಡ್ಯೂಟಿ ಬೂಟು ಮಾತ್ರ ಹಾಗೇ ಉಳಿದಿತ್ತು.

"ಪೊಲೀಸಾ?"

ಪರ್ವೀನ್ ಅವಳ ಮಣಿಕಟ್ಟು ಹಿಡಿದರು. "ಹೌದು. ನಾಯಿ ಎಲ್ಲಿ?"

ಸುಕನ್ಯ ಕೈ ಬಿಡಿಸಿಕೊಳ್ಳಲಿಲ್ಲ. "ಗಾಡಿ ಇದ್ಯಾ ಮೇಡಂ? ಮೊದ್ಲು ಮಾತ್ರೆ ತಗೊಳ್ಳಿ, ಬೇಗ ಹೋಗೋಣ. ಬೆಳಿಗ್ಗೆಯಿಂದ ಮೇಲುಸಿರು ಬಿಡ್ತಿದೆ."

ಕೆ.ಆರ್. ಪುರಂ ಎಂದಳು. ಅಲ್ಲಿ ಅವಳ ದೊಡ್ಡಪ್ಪ ಬೈಲಪ್ಪನ ಹಳೇ ದನದ ಕೊಟ್ಟಿಗೆ. ಹೊಲಗಳೆಲ್ಲ ಬಾಡಿಗೆ ಕಟ್ಟಡಗಳಾದ ಮೇಲೂ ಮುದುಕ ಎರಡು ಹಸು ಬಿಟ್ಟುಕೊಟ್ಟಿರಲಿಲ್ಲ. ಗೂಡ್ಸ್ ಆಟೊ ಅವನ ಹಾಲಿನದು, ಓಡಿಸಿದವಳು ಇವಳೇ.

"ಬೆಳಿಗ್ಗೆನೇ ಯಾಕೆ ಕೊಳ್ಳಲಿಲ್ಲ?" ಕಾರು ಹೊರಡುತ್ತಲೇ ಪಂಚಾಕ್ಷರಿ ಕೇಳಿದರು.

"ನನ್ ಹತ್ರ ಹಳೇ ಸ್ಟ್ರಿಪ್ ಇತ್ತು ಸರ್. ಕೊಡೋವಾಗ ನೋಡ್ತೀನಿ, ಡೇಟ್ ಮುಗಿದೋಗಿದೆ. ಕೆ.ಆರ್. ಪುರಂ ಅಂಗಡಿಗಳೆಲ್ಲ ಸುತ್ತಿದೆ, ಎಲ್ಲೂ ಇಲ್ಲ. ನೀವು ಇಲ್ಲಿ ಕಾಯ್ತಿರ್ತೀರ ಅಂತ ಗೊತ್ತಿತ್ತು. ಇನ್ನೇನ್ ಮಾಡ್ಲಿ?"

ಟಿನ್ ಫ್ಯಾಕ್ಟರಿಯ ಹತ್ತಿರ ವಾಹನಗಳು ಕದಲದೆ ನಿಂತಿದ್ದವು. ಪಂಚಾಕ್ಷರಿ ತಾವೇ ಕೆಳಗಿಳಿದು, ಕೂಗಾಡಿ, ಬಸ್ಸೊಂದನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿದರು. ಸುದ್ದಿ ಮುಟ್ಟಿಸಿದ್ದರಿಂದ ಡಾ. ರಮ್ಯ ಆಗಲೇ ತಮ್ಮ ಸ್ಕೂಟರಿನಲ್ಲಿ ಹೊರಟಿದ್ದರು.

3.35. ಕೊಟ್ಟಿಗೆಯ ಬಾಗಿಲಲ್ಲಿ ಬಿಳಿ ನಾಯಿಯೊಂದು ಬೆನ್ನು ಹಾಕಿ ಮಲಗಿತ್ತು. ಇಷ್ಟು ಜನ ಬಂದರೂ ತಿರುಗಿ ನೋಡಲಿಲ್ಲ. ಸುಕನ್ಯ ನೆಲಕ್ಕೆ ಎರಡು ಬಾರಿ ಹಿಮ್ಮಡಿ ಬಡಿದಳು. ಅದುರು ತಾಗಿ ಅದು ಎದ್ದು ಬಾಲ ಆಡಿಸಿತು.

ಒಳಗೆ ಒದ್ದೆ ಗೋಣಿಯ ಮೇಲೆ ಚುಕ್ಕಿ ಕುಳಿತಿತ್ತು. ಕತ್ತು ಮುಂದೆ ಚಾಚಿ, ಬಾಯಿ ತೆರೆದು, ಉಸಿರಿಗಾಗಿ ಹೋರಾಡುತ್ತಿತ್ತು. ಪಕ್ಕದಲ್ಲಿ ಆ ಸ್ಟೂಲು, ಅದರ ಮೇಲೆ ಮುಟ್ಟದ ಅನ್ನ.

"ಯಾರಾದ್ರೂ ತಲೆ ಎತ್ತಿ ಹಿಡ್ಕೊಳ್ಳಿ!" ರಮ್ಯ ಸಿರಿಂಜಿಗೆ ಔಷಧಿ ತುಂಬುತ್ತಾ ಕೂಗಿದರು. ಸುಕನ್ಯ ಬಾಳೆಹಣ್ಣಿನ ತುಂಡಿನೊಳಗೆ ಮಾತ್ರೆ ಅಡಗಿಸುತ್ತಿದ್ದಳು. ಪರ್ವೀನ್ ವೈದ್ಯರಿಗೆ ಟಾರ್ಚ್ ಹಿಡಿದಿದ್ದರು. ಉಳಿದವರು ಪಂಚಾಕ್ಷರಿ ಒಬ್ಬರೇ. ಅವರು ಮಂಡಿಯೂರಿ, ಕಣ್ಣು ಮುಚ್ಚಿ, ಆ ದೊಡ್ಡ ತಲೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ತೊಡೆಯ ಮೇಲೆ ಬಿಸಿ ಜೊಲ್ಲು ಇಳಿಯಿತು. ಅವರು ಅಲುಗಾಡಲಿಲ್ಲ.

ನಲವತ್ತು ನಿಮಿಷದ ಮೇಲೆ ಉಸಿರು ಹದಕ್ಕೆ ಬಂತು. ಪಂಚಾಕ್ಷರಿಯ ಕಣ್ಣು ಒದ್ದೆಯಾಗಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

4.30ಕ್ಕೆ, ಹೆಂಗಸಾದ್ದರಿಂದ ಕಾನೂನಿನಂತೆ ಸೂರ್ಯಾಸ್ತಕ್ಕೆ ಮೊದಲೇ, ಪರ್ವೀನ್ ಸುಕನ್ಯಳನ್ನು ದಸ್ತಗಿರಿ ಮಾಡಿದರು. ನಾಯಿ, ಸ್ಟೂಲು, ತಟ್ಟೆ, ಗೇಟಿನ ನಕಲಿ ಕೀಲಿ, ಗೂಡ್ಸ್ ಆಟೊ ಜಪ್ತಿ ಪಂಚನಾಮೆಗೆ ಸೇರಿದವು.

"ಈ ಬಿಳಿ ನಾಯಿ ಯಾರದು?" ಹೇಳಿಕೆ ಬರೆದುಕೊಳ್ಳುತ್ತಾ ಪಂಚಾಕ್ಷರಿ ಕೇಳಿದರು.

"ಚುಕ್ಕಿ ಮಗಳೇ ಸರ್. ಬಿಳೀ ಮರಿ ಮೂರನ್ನೂ ಸೂಜಿ ಹಾಕ್ಸಿ ಮುಗಿಸ್ಕೊಂಡು ಬಾ ಅಂದ್ರು ಯಜಮಾನ್ರು. ಎರಡಕ್ಕೆ ಹಾಕ್ಸಿದೆ. ನಾನೇ ಹಿಡ್ಕೊಂಡಿದ್ದೆ. ಮೂರನೇದು ನನ್ ಬೆರಳು ಚೀಪ್ತಿತ್ತು." ಅವಳು ಬಿಳಿ ನಾಯಿಯ ತಲೆ ಸವರಿದಳು. "ಇನ್ನೊಂದ್ ಸಲ ನನ್ ಕೈಲಾಗಲ್ಲ ಸರ್. ಬೆದೆ ದಿನ ನಂಗೆ ಲೆಕ್ಕ ಇತ್ತು. ಈ ಸಲ ಚುಕ್ಕಿನೂ ಹೋಗ್ತಿತ್ತು."

ಅಷ್ಟರಲ್ಲಿ ಪ್ರಭುಲಿಂಗ ಬಂದಿಳಿದರು. "ಸರ್, ನಾಯಿ ಕೊಡಿ, ಕರ್ಕೊಂಡು ಹೋಗ್ತೀನಿ."

"ಕೇಸಿನ ಸ್ವತ್ತು ಪ್ರಭುಲಿಂಗ್ ಅವ್ರೇ. ಕೋರ್ಟಿಂದ ಆದೇಶ ತನ್ನಿ. ಅಲ್ಲೀವರ್ಗೂ ಡಾಕ್ಟರ್ ಕ್ಲಿನಿಕ್ಕಿನಲ್ಲಿ ಇರುತ್ತೆ. ಮರಿ ಹಾಕ್ಸಬಾರ್ದು ಅಂತ ಅವ್ರು ನಿಮಗೆ ಕೊಟ್ಟ ಚೀಟಿನೂ ನನ್ನ ವರದಿ ಜೊತೆ ಹೋಗುತ್ತೆ."

ಚುಕ್ಕಿ ಪ್ರಭುಲಿಂಗರತ್ತ ನೋಡಿ ಮಲಗಿದಲ್ಲೇ ಬಾಲ ಬಡಿಯಿತು. ಅವರು ತಲೆ ತಗ್ಗಿಸಿ ಕಾರಿನತ್ತ ನಡೆದರು.

ಸುಕನ್ಯ ಜೀಪು ಹತ್ತುವ ಮೊದಲು ತಿರುಗಿದಳು. "ಸರ್, ಆ ಆದೇಶ ಬರೋಕೆ ಎಷ್ಟ್ ದಿನ ಆಗುತ್ತೆ?"

"ಅರ್ಜಿ, ತಕರಾರು, ವರದಿ... ಹತ್ತು ಹದಿನೈದು ದಿನ ಆಗ್ಬಹುದು."

ಅವಳು ಬೆರಳು ಮಡಚಿ ಎಣಿಸಿದಳು. ದಿನವಿಡೀ ಬಿಗಿದಿದ್ದ ಅವಳ ಮುಖ ಮೊದಲ ಬಾರಿಗೆ ಸಡಿಲವಾಯಿತು.

"ಸಾಕು ಸರ್," ಎಂದಳು. "ಅಷ್ಟರಲ್ಲಿ ಬೆದೆ ಇಳಿಯುತ್ತೆ."