ಎರಡನೇ ಸಾಲಿನ ಟವೆಲ್

"ರೀ ಮೇಡಂ, ಅದು ನನ್ನ ಸೀಟು! ಟವೆಲ್ ಹಾಕಿದ್ದು ಕಾಣ್ಲಿಲ್ವೇನ್ರೀ?"

"ಟವೆಲ್‌ಗೆ ನಾಟಕ ನೋಡಾಕೆ ಬರುತ್ತೇನ್ರೀ? ತಗಳ್ರಿ ನಿಮ್ ಟವೆಲ್ಲು!"

ಹೊನ್ನಾಳಿಯ ಕಲಾಮಂದಿರದಲ್ಲಿ ಸುನೀತಾ ಮತ್ತು ಕಲ್ಲೇಶ್ ಮೊದಲ ಸಲ ಮುಖಾಮುಖಿಯಾಗಿದ್ದು ಹೀಗೆ. ಸುತ್ತ ಕೂತವರು ಗೊಳ್ಳೆಂದು ನಕ್ಕರು. ಪಾಪ, ಡ್ರಾಯಿಂಗ್ ಮೇಷ್ಟ್ರು ಕಲ್ಲೇಶ್ ತನ್ನ ಹಸಿರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಇಡೀ ನಾಟಕವನ್ನು ನಿಂತೇ ನೋಡಿದ!

ಆಮೇಲೆ ನಮ್ಮ ಜೋರು ಹುಡುಗಿಗೆ ಅಯ್ಯೋ ಅನ್ನಿಸಿತು. ವರಾಂಡದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಅವನ ಚಿತ್ರಗಳನ್ನು ನೋಡುವ ನೆಪದಲ್ಲಿ ತಾನೇ ಮಾತಾಡಿಸಿದಳು. ಅಂದಿನಿಂದ ಅವಳು ತನ್ನೂರು ನ್ಯಾಮತಿಯಿಂದ ನಾಟಕಕ್ಕೆ ಬಂದಾಗಲೆಲ್ಲ ಎರಡನೇ ಸಾಲಿನ ಒಂದು ಕುರ್ಚಿಯ ಮೇಲೆ ಆ ಹಸಿರು ಟವೆಲ್ ಅವಳಿಗಾಗಿ ಕಾಯುತ್ತಿತ್ತು. ಪ್ರೀತಿಯ ಮಾತನ್ನು ಮಾತ್ರ ಇಬ್ಬರೂ ಆಡಿರಲಿಲ್ಲ.

ಇವತ್ತು ಹೊನ್ನಾಳಿಯ ಬಸ್ಸಿನಲ್ಲಿ ಕೂತ ಸುನೀತಾ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು. ನಾಳೆ ಜಗಳೂರಿನಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುತ್ತಿದ್ದಾರೆ!

"ನಿನ್ ಮನಸ್ನಾಗೆ ಯಾರಾದ್ರೂ ಇದ್ರೆ ಅವ್ರು ಬರೋದ್ರೊಳಗೆ ಹೇಳ್ಬಿಡವ್ವ" ಎಂದಿದ್ದರು ಅಪ್ಪ.

ಏನಂತ ಹೇಳುವುದು? ಅವನ ಮನಸ್ಸೇ ಗೊತ್ತಿಲ್ಲವಲ್ಲ... ನಿನ್ನೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವನು "ನಾಟಕಕ್ಕೆ ಬರ್ರಿ, ಮಾತಾಡಾಣ" ಎಂದಷ್ಟೇ ಹೇಳಿದ್ದ.

'ಇಂಥ ಹೊತ್ತಲ್ಲೂ ಇವ್ರಿಗೆ ನಾಟಕಾನೇ ಹೆಚ್ಚಾಯ್ತಾ?'

ಬಸ್ಸು ತಡವಾಯಿತು. ಅವಳು ಓಡೋಡಿ ಬರುವಷ್ಟರಲ್ಲಿ ಮೊದಲ ಬೆಲ್ ಹೊಡೆದಿತ್ತು.

ಎರಡನೇ ಸಾಲಿನಲ್ಲಿ ಹಸಿರು ಟವೆಲ್ ಇಲ್ಲ! ಅದರ ಜಾಗದಲ್ಲಿ ಯಾರೋ ಹೆಂಗಸಿನ ಕೆಂಪು ಶಾಲು! ಪಕ್ಕದ ಕುರ್ಚಿಯ ಮೇಲೆ ಕಲ್ಲೇಶನ ಬಣ್ಣ ಹತ್ತಿದ ಚೀಲ.

"ಅಣ್ಣಾ... ಇಲ್ಲಿ ಯಾರ್ ಕೂರ್ತಾರೆ?" ಹಿಂದೆ ಕೂತವರನ್ನು ಕೇಳಿದಳು.

"ಮೇಷ್ಟ್ರು ಮದುವೆ ಆಗೋ ಹುಡುಗಿ ಬರ್ತಾಳಂತೆ ಕಣವ್ವ. ನೀನು ಬ್ಯಾರೆ ಕಡೆ ಕೂತ್ಕ."

ಹಾಗಾದರೆ ಆ ಹುಡುಗಿ ಆಗಲೇ ಬಂದು ಶಾಲು ಹಾಕಿ ಹೋಗಿದ್ದಾಳೆ!

'ಇದನ್ನ ತೋರಿಸಾಕೆ ನನ್ನ ಕರೆಸಿದ್ರಾ? ನಾನೆಂಥಾ ಹುಚ್ಚಿ!'

ಎರಡನೇ ಬೆಲ್ ಹೊಡೆಯಿತು. ಎಲ್ಲರೂ ಒಳಗೆ ನುಗ್ಗುತ್ತಿದ್ದರೆ ಅವಳೊಬ್ಬಳು ಹೊರಗೆ ನುಗ್ಗಿದಳು. ವರಾಂಡದ ಚಿತ್ರಗಳೆಲ್ಲ ಕಣ್ಣೀರಿನಲ್ಲಿ ಮಸುಕಾದವು. ಮೆಟ್ಟಿಲು ಇಳಿಯಬೇಕು, ಅಷ್ಟರಲ್ಲಿ...

"ಸುನೀತಾ! ಎಲ್ಲಿಗೆ ಹೊಂಟ್ರಿ? ನಿಮ್ಮನ್ನ ಹುಡುಕಿ ಬಸ್ ಸ್ಟ್ಯಾಂಡಿಗೇ ಹೋಗಿ ಬಂದ್ನಲ್ರೀ!"

ಎದುರಿಗೆ ಏದುಸಿರು ಬಿಡುತ್ತಾ ಕಲ್ಲೇಶ್.

"ಬಿಡ್ರಿ ದಾರಿ. ಆ ಕೆಂಪು ಶಾಲಿನೋರ ಪಕ್ಕ ಹೋಗಿ ಕೂತ್ಕಳ್ರಿ!"

"ಶಾಲಾ? ಅದು... ಅದು ನಮ್ಮವ್ವಂದು ಕಣ್ರೀ!"

"ನಾನೇ ಹಾಕಿದ್ದು ಕಣವ್ವ." ಅವನ ಬೆನ್ನ ಹಿಂದಿನಿಂದ ಅವನ ತಾಯಿ ಅಜ್ಜಮ್ಮ ಇಣುಕಿದರು. "ಇವನ ಟವೆಲ್ ಯಾರು ಬೇಕಾದ್ರೂ ಎತ್ತಿ ಒಗೀತಾರೆ. ಒಂದ್ಸಲ ಯಾವಳೋ ಜೋರು ಹುಡುಗಿ ಒಗೆದಿದ್ಲಂತೆ..."

ಸುನೀತಾ ತಲೆ ತಗ್ಗಿಸಿದಳು. "ಅದು... ನಾನೇ ಅಮ್ಮ."

"ಗೊತ್ತೈತೆ ಬಿಡು! ಅವಳನ್ನ ನೋಡಾಕೇ ಬಂದೀನಿ." ಅಜ್ಜಮ್ಮ ಅವಳ ಕೆನ್ನೆ ಒರೆಸಿ, ಮಗನತ್ತ ತಿರುಗಿದರು. "ನೋಡಿದ್ದಾಯ್ತು, ನಂಗೆ ಒಪ್ಗೆ. ಇನ್ನು ನೀನೂ ಬಾಯಿ ಬಿಡಪ್ಪ!" ಎಂದು ಒಳಗೆ ನಡೆದರು.

ಮೂರನೇ ಬೆಲ್ ಹೊಡೆಯಿತು. ಒಳಗೆ ದೀಪ ಆರಿತು. ಇಬ್ಬರೂ ಕದಲಲಿಲ್ಲ.

"ಫೋನಲ್ಲಿ ಹೇಳೋ ಮಾತಲ್ಲ ಅಂತ ಸುಮ್ನಿದ್ದೆ. ಅವ್ವನ್ನ ಕರ್ಕೊಂಡೇ ಹೇಳ್ಬೇಕು ಅಂತ..." ಕಲ್ಲೇಶ್ ಹೆಗಲ ಮೇಲಿದ್ದ ಹಸಿರು ಟವೆಲ್ಲಿನ ತುದಿಯನ್ನು ಹಿಂಡಿದ. "ನೀವಿಲ್ದೆ ನನ್ ಕೈಲಿ ಆಗಲ್ಲ ಸುನೀತಾ. ನನ್ನ ಮದುವೆ ಆಗ್ತೀರಾ?"

ಅವಳು ಅಳುತ್ತಲೇ ನಕ್ಕಳು, ತಲೆಯಾಡಿಸಿದಳು.

"ಮತ್ತೆ... ನಾಳೆ ಜಗಳೂರಿನೋರಿಗೆ ಏನಂತ ಹೇಳ್ತೀರಿ?"

"ಬರೋದೇ ಬ್ಯಾಡ ಅಂತ ಇವತ್ತೇ ಅಪ್ಪನ ಕೈಲಿ ಹೇಳಿಸ್ತೀನಿ." ಸುನೀತಾ ಅವನ ಹೆಗಲಿನ ಹಸಿರು ಟವೆಲ್ಲನ್ನು ಎಳೆದು ತನ್ನ ಹೆಗಲಿಗೆ ಹಾಕಿಕೊಂಡಳು. "ಈ ಸೀಟಿಗೆ ಆಗ್ಲೇ ಟವೆಲ್ ಬಿದ್ದೈತೆ!"