ಅಂಗಾಲಿಗೆ ಸಿಗದ ಸೂಜಿ

"ನಿಜ ಹೇಳಿ. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ?"

ಕತ್ತಲೆ ಕೋಣೆಯಲ್ಲಿ ಯಂತ್ರಕ್ಕೆ ಗಲ್ಲ ಆನಿಸಿ ಕುಳಿತಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಿಜ ಹೇಳಬೇಕಂತೆ! ಹಾಗಾದರೆ ಇಷ್ಟು ಹೊತ್ತು ಹೇಳಿದ್ದು?

"ಗೊತ್ತಾಗಿದ್ದೇ ಹೋದ ವಾರ ಅಂತ ಆಗ್ಲೇ ಹೇಳಿದ್ನಲ್ಲ. ನಿಮ್ಮ ಕೆಲಸ ಫೋಟೋ ತೆಗೆಯೋದು ತಾನೇ? ತೆಗೀರಿ."

ಅವನು ಆಸ್ಪತ್ರೆಯಲ್ಲಿ ಕಣ್ಣಿನ ಒಳಭಾಗದ ಫೋಟೋ ತೆಗೆಯುವವನು. ಬಿಳಿ ಕೋಟು, ಮೆದು ದನಿ. ಫೋಟೋ ಮುಗಿದ ಮೇಲೆ ಇನ್ನೇನೋ ಹೇಳಲು ಬಾಯಿ ತೆರೆದ... ಅವಳು ಬಿಟ್ಟರೆ ತಾನೇ? ಸೇತುವೆ ಪಕ್ಕದ ರಫೂ ಅಂಗಡಿ ತನ್ನದು, ಹರಿದ ಬಟ್ಟೆಯನ್ನು ಎಳೆಗೆ ಎಳೆ ಕೂಡಿಸಿ ಗುರುತೇ ಸಿಗದಂತೆ ಮಾಡಿಕೊಡುತ್ತೇನೆ, ಸುಳ್ಳು ಹೇಳಿ ಅಭ್ಯಾಸವಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಎದ್ದುಹೋದಳು.

ಕಣ್ಣಿನ ಹಿಂಪದರದ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಸೋರಿವೆ, ಮುಂದಿನ ವಾರವೇ ಚಿಕಿತ್ಸೆ ಶುರುವಾಗಬೇಕು, ಇಲ್ಲದಿದ್ದರೆ ದೃಷ್ಟಿಗೇ ಕುತ್ತು ಎಂದರು ಡಾಕ್ಟರು. ಸೂಜಿಗೆ ದಾರ ಪೋಣಿಸಿ ಬದುಕುವವಳಿಗೆ ಈ ಮಾತು!

ಮನೆಯಲ್ಲಿ ಅಕ್ಕನೂ ಬಿಡಲಿಲ್ಲ. ಕದ್ದು ಸಿಹಿ ತಿಂದಿರುತ್ತೀಯ, ಕಾಯಿಲೆಯನ್ನು ನಮ್ಮಿಂದ ಮುಚ್ಚಿಟ್ಟಿರುತ್ತೀಯ ಎಂದು ತರಾಟೆಗೆ ತೆಗೆದುಕೊಂಡಳು.

ನಾನೇನು ತಪ್ಪು ಮಾಡಿದೆ? ಎಲ್ಲರೂ ನನ್ನನ್ನೇ ಕಟಕಟೆ ಹತ್ತಿಸುತ್ತಾರಲ್ಲ...

ಆ ಸಿಟ್ಟಿನಲ್ಲಿ, ಚಿಕಿತ್ಸೆಗೆ ಬನ್ನಿ ಎಂದ ದಿನ ಆಸ್ಪತ್ರೆಯ ಕಡೆ ತಲೆಯೇ ಹಾಕಲಿಲ್ಲ.

ಮಾರನೆಯ ಸಂಜೆ ಅವಳು ಅಂಗಡಿಯಲ್ಲಿ ಬರಿಗಾಲಲ್ಲಿ ನಡೆದಾಡುತ್ತಿದ್ದಳು. ಅದು ಅವಳ ರೂಢಿ. ಬಾಗಿಲು ಹಾಕುವ ಮೊದಲು ನೆಲವನ್ನೆಲ್ಲ ಮೆಲ್ಲಗೆ ತುಳಿದರೆ, ಬಿದ್ದ ಸೂಜಿ ಅಂಗಾಲಿಗೆ ಚುರುಕ್ಕೆನ್ನಿಸಿ ಸಿಕ್ಕಿಬಿಡುತ್ತಿತ್ತು. ಈಚೆಗೆ ತಿಂಗಳುಗಳಿಂದ ಒಂದೂ ಸಿಕ್ಕಿರಲಿಲ್ಲ. ಕೈ ಅಷ್ಟು ಪಳಗಿದೆ, ಸೂಜಿ ಬೀಳುವುದೇ ಇಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಅಷ್ಟರಲ್ಲಿ ಆಸ್ಪತ್ರೆಯ ಆ ಫೋಟೋದವನು ಬಂದ. ಕೋಟಿನ ಜೇಬು ಹರಿದಿದೆ, ರಫೂ ಮಾಡಿಕೊಡಿ ಎಂದ.

ಅವಳು ಕೋಟನ್ನು ದೀಪಕ್ಕೆ ಹಿಡಿದಳು. ಎಳೆಗಳ ತುದಿ ಎಲ್ಲವೂ ಒಂದೇ ಸಮ!

"ಇದು ಹರಿದಿದ್ದಲ್ಲ, ಕತ್ತರಿ ಹಾಕಿದ್ದು. ಈಗ ಸುಳ್ಳು ಹೇಳ್ತಿರೋರು ಯಾರು?"

ಅವನ ಮುಖ ಸಣ್ಣದಾಯಿತು. "ನೀವು ಚಿಕಿತ್ಸೆಗೆ ಬರಲಿಲ್ಲ. ಸುಮ್ನೆ ಬಂದ್ರೆ ಬಾಗಿಲಲ್ಲೇ ಓಡಿಸ್ತೀರಿ ಅನ್ನಿಸ್ತು..."

ಓಡಿಸುವವಳೇ ಆಗಿದ್ದಳು. ಕೋಟನ್ನು ಅವನ ಕೈಗೆ ತುರುಕಿ ಸರ್ರನೆ ತಿರುಗಿದಳು.

"ಅಲ್ಲಾಡ್ಬೇಡಿ," ಎಂದನವನು.

ನೆಲದ ಮೇಲೆ ರಕ್ತದ ಹೆಜ್ಜೆಗಳು. ಕಾಲೆತ್ತಿ ನೋಡಿದರೆ ಅಂಗಾಲಿನಲ್ಲಿ ಅರ್ಧ ಇಳಿದ ಸೂಜಿ. ಅವಳಿಗೆ ಏನೂ ಗೊತ್ತಾಗಿರಲಿಲ್ಲ!

ಹಾಗಾದರೆ ಇಷ್ಟು ತಿಂಗಳು... ಸೂಜಿ ಬೀಳುತ್ತಲೇ ಇತ್ತು. ಕಾಲಿಗೆ ತಿಳಿಯುತ್ತಿರಲಿಲ್ಲ ಅಷ್ಟೆ. ಅವಳು ಕುರ್ಚಿಯಲ್ಲಿ ಕುಸಿದಳು.

ಅವನು ಮಂಡಿಯೂರಿ ಕುಳಿತು ಸೂಜಿಯನ್ನು ಮೆಲ್ಲಗೆ ಎಳೆದ. ಗಾಯ ತೊಳೆದು ಬಟ್ಟೆ ಕಟ್ಟಿದ.

"ಅವತ್ತು ನಿಜ ಹೇಳಿ ಅಂದಿದ್ದು ತಪ್ಪಾಯ್ತು. ನೀವು ಸುಳ್ಳು ಹೇಳಿಲ್ಲ. ಈ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತೆ. ನಮಗೆ ಗೊತ್ತಾಗೋ ಹೊತ್ತಿಗೆ ಅದು ಕಣ್ಣಲ್ಲಿ, ಕಾಲಿನ ನರಗಳಲ್ಲಿ ಕೆಲಸ ಶುರು ಮಾಡಿ ಆಗಿರುತ್ತೆ."

ಅವಳ ಕಣ್ಣು ತುಂಬಿತು. ಆದರೆ ದನಿಯಲ್ಲಿ ಬೆಂಕಿಯಿತ್ತು. "ಹೇಳದೆ ಕೇಳದೆ ಒಳಗೆ ನುಗ್ಗಿ, ನನ್ನ ಹೊಟ್ಟೆ ಹೊರೆಯೋ ಕಣ್ಣಿಗೇ ಕೈ ಹಾಕಿದೆಯಲ್ಲ ಇದು? ಬೈಸಿಕೊಳ್ಳೋದು ಮಾತ್ರ ನಾನಾ?"

"ಸಿಟ್ಟು ಮಾಡ್ಕೊಳ್ಳಿ. ಅದರ ಮೇಲೆ ಮಾಡ್ಕೊಳ್ಳಿ. ನಾಳೆ ಆಸ್ಪತ್ರೆಗೆ ಬಂದು ಮಾಡ್ಕೊಳ್ಳಿ. ನಾನು ಜೊತೆಗಿರ್ತೀನಿ." ಅವನು ಕಟ್ಟಿದ ಬಟ್ಟೆಯ ಗಂಟನ್ನು ಬಿಗಿ ಮಾಡಿದ. "ದಿನಾ ಎಷ್ಟೋ ಜನರ ಕಣ್ಣು ನೋಡ್ತೀನಿ ಕಣ್ರೀ. ನಿಮ್ಮನ್ನ ಮಾತ್ರ ಮರೆಯೋಕಾಗ್ಲಿಲ್ಲ."

ಅವನು ಪಕ್ಕಕ್ಕೆ ಇಟ್ಟಿದ್ದ ಕೋಟನ್ನು ಅವಳು ಮಡಿಲಿಗೆ ಎಳೆದುಕೊಂಡು, ತಲೆ ತಗ್ಗಿಸಿ ಅದರ ಕತ್ತರಿಸಿದ ಜೇಬನ್ನು ಸವರಿದಳು. ಒಳ್ಳೆಯ ಬಟ್ಟೆ... ಪೆದ್ದ!

"ಬರ್ತೀನಿ," ಎಂದಳು ಕೊನೆಗೆ. "ಆದ್ರೆ ಇನ್ಮೇಲೆ ಚಪ್ಪಲಿ ಹಾಕ್ಕೊಂಡ್ರೆ ಸೂಜಿ ಹುಡುಕೋದು ಹೇಗೆ?"

"ದಿನಾ ಸಂಜೆ ನಾನು ಬಂದು ಹುಡುಕಿಕೊಡ್ತೀನಿ."

"ಅದಕ್ಕೆ ಒಂದು ಅಯಸ್ಕಾಂತ ಇದ್ರೆ ಸಾಕು."

"ತರ್ತೀನಿ. ಹಿಡ್ಕೊಂಡು ಓಡಾಡೋಕೆ ಒಬ್ಬರು ಬೇಕಲ್ಲ?"

ಅವಳು ಬಹಳ ದಿನಗಳ ಮೇಲೆ ನಕ್ಕಳು.

"ಚಪ್ಪಲಿ ಅಲ್ಲಿದೆ," ಎಂದಳು. "ಕೊಡಿ ಇಲ್ಲಿ."